ವಿದ್ಯಾಧಿಕಾರಿಗೂ ಒಂದು ವಿದ್ಯಾಭ್ಯಾಸ

ಪಾಠ ಹೇಳತಕ್ಕವನು ಮೊದಲು ಪಾಠ ಹೇಳುವ ಕ್ರಮವನ್ನು ಕಲಿತಿರಬೇಕೆಂಬುದನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ಅದಕ್ಕಾಗಿ ಟ್ರೈನಿಂಗ್ ಕಾಲೇಜುಗಳಿವೆ, ಪರೀಕ್ಷೆಗಳಿವೆ, ಪದವಿಗಳಿವೆ. ಆದರೆ ಆ ಉಪಾಧ್ಯಾಯರೆಲ್ಲರ ಮೇಲೆ ನಿಂತು, ಹತ್ತಾರು ಶಾಲೆಗಳ ಯೋಗಕ್ಷೇಮವನ್ನು ಹೊತ್ತು, ಯಾವ ಪಾಠ ಉಳಿಯಬೇಕು, ಯಾವುದು ಹೋಗಬೇಕು, ಯಾವ ಬಡಾವಣೆಯ ಶಾಲೆ ತೆರೆದಿರಬೇಕು, ಯಾವುದು ಮುಚ್ಚಬೇಕು ಎಂದು ನಿರ್ಣಯಿಸುವ ಅಧಿಕಾರಿಯು ಏನನ್ನು ಓದಿರಬೇಕು? ಅವನು ಹಿಂದೆ ಪಾಠ ಹೇಳಿದವನಾಗಿದ್ದರೆ ಸಾಕೆ? ಲೆಕ್ಕಪತ್ರ ಬಲ್ಲವನಾಗಿದ್ದರೆ ಸಾಕೆ? ಅಥವಾ ಆ ಕೆಲಸಕ್ಕೆಂದೇ ಪ್ರತ್ಯೇಕವಾದ ಒಂದು ಶಾಸ್ತ್ರವುಂಟೆ?

ಈ ಪ್ರಶ್ನೆಯು ಇಲಾಖೆಯವರಿಗೆ ಮಾತ್ರ ಸಂಬಂಧಪಟ್ಟುದೆಂದು ಮೇಲ್ನೋಟಕ್ಕೆ ತೋರಬಹುದು. ವಾಸ್ತವವಾಗಿ ಇದು ಗೃಹಸ್ಥರ ಪ್ರಶ್ನೆಯೇ ಸರಿ. ಬಡಿಸುವವನು ತಪ್ಪಿದರೆ ಒಂದು ಪಂಕ್ತಿಯವರಿಗೆ ತೊಂದರೆ. ಉಗ್ರಾಣದವನು ತಪ್ಪಿದರೆ ಊಟಕ್ಕೆ ಕುಳಿತ ಎಲ್ಲರಿಗೂ ತೊಂದರೆ. ನಮ್ಮ ಮಕ್ಕಳಿಗೆ ಪಾಠ ಹೇಳುವ ಉಪಾಧ್ಯಾಯರನ್ನು ನಾವು ಬಲ್ಲೆವು. ಉಗ್ರಾಣದ ಬೀಗದ ಕೈ ಹಿಡಿದವರನ್ನು ಬಲ್ಲವರು ವಿರಳ.

ಈ ಪ್ರಶ್ನೆಯನ್ನು ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಎತ್ತಿ, ಉತ್ತರ ಬರೆದು, ಬರೆದುದನ್ನು ಅಳಿಸಿ, ಮತ್ತೆ ಬರೆಯುತ್ತಿರುವ ದೇಶವೆಂದರೆ ಅಮೆರಿಕಾ ಸಂಯುಕ್ತ ಸಂಸ್ಥಾನ. ನಮ್ಮ ವಾಚಕರಲ್ಲಿ ಅನೇಕರ ಮಕ್ಕಳೂ ಮೊಮ್ಮಕ್ಕಳೂ ಈಗ ಆ ದೇಶದಲ್ಲಿದ್ದಾರಾದ್ದರಿಂದ ಅಲ್ಲಿನ ಶಾಲೆಗಳ ಸಮಾಚಾರವು ನಮಗೆ ತೀರ ಪರಕೀಯವೂ ಅಲ್ಲ. ಆದಕಾರಣ ಆ ದೇಶದವರು ವಿದ್ಯಾಧಿಕಾರಿಗಳನ್ನು ಸಿದ್ಧಗೊಳಿಸಲು ಏರ್ಪಡಿಸಿರುವ ಅಭ್ಯಾಸಕ್ರಮದ ವಿಚಾರವಾಗಿ ನಾಲ್ಕು ಮಾತುಗಳನ್ನು ಹೇಳಲು ಉದ್ಯುಕ್ತರಾಗಿದ್ದೇವೆ.

ಶಾಲಾಮಂಡಲದ ಸ್ವರೂಪ

ಮೊದಲು ಅಲ್ಲಿನ ವ್ಯವಸ್ಥೆಯನ್ನು ತಿಳಿಯಬೇಕು. ಅಮೆರಿಕದ ರಾಜ್ಯಾಂಗದಲ್ಲಿ ವಿದ್ಯಾಭ್ಯಾಸವೆಂಬ ಮಾತೇ ಇಲ್ಲ. ಆ ಭಾರವು ಆಯಾ ರಾಜ್ಯಗಳಿಗೆ ಸೇರಿದ್ದು; ರಾಜ್ಯಗಳು ಅದರ ಬಹುಭಾಗವನ್ನು ಊರುಗಳಿಗೇ ಬಿಟ್ಟಿವೆ. ಹೀಗೆ ಒಂದು ಊರೋ, ನಗರವೋ, ಕೆಲವು ಹಳ್ಳಿಗಳೋ ಕೂಡಿ ತಮ್ಮ ಶಾಲೆಗಳನ್ನು ತಾವೇ ನಡೆಸಿಕೊಳ್ಳುವ ಏರ್ಪಾಡಿಗೆ ‘ಸ್ಕೂಲ್ ಡಿಸ್ಟ್ರಿಕ್ಟ್’ ಎಂದು ಹೆಸರು. ಇದು ನಮ್ಮ ಜಿಲ್ಲೆಯಲ್ಲ; ಶಾಲಾಮಂಡಲವೆಂದು ಕರೆದರೆ ಸರಿಯಾದೀತು. ೧೯೩೯–೪೦ರಲ್ಲಿ ಇಂಥಾ ಮಂಡಲಗಳು ಒಂದು ಲಕ್ಷ ಹದಿನೇಳು ಸಾವಿರಕ್ಕೂ ಮಿಕ್ಕಿ ಇದ್ದುವು. ಕ್ರಮೇಣ ಒಂದರೊಡನೊಂದು ಕೂಡಿಕೊಂಡು ಈಗ ಸುಮಾರು ೧೩,೦೦೦ ಉಳಿದಿವೆ. ಕೆಲವದರಲ್ಲಿ ನೂರಿನ್ನೂರು ಮಕ್ಕಳು. ನ್ಯೂಯಾರ್ಕ್ ನಗರದಂಥಾ ಮಂಡಲದಲ್ಲಿ ಲಕ್ಷಗಟ್ಟಲೆ ಮಕ್ಕಳು. ಹವಾಯಿ ದ್ವೀಪಗಳಲ್ಲಂತೂ ಇಡೀ ರಾಜ್ಯವೇ ಒಂದು ಮಂಡಲ.

ಮಂಡಲಕ್ಕೆ ಒಂದು ಬೋರ್ಡು ಉಂಟು. ಅದರ ಸದಸ್ಯರು ಹೆಚ್ಚಿನ ಕಡೆಗಳಲ್ಲಿ ಊರವರ ಮತದಿಂದ ಆಯ್ಕೆಯಾದ ಸಾಮಾನ್ಯ ಗೃಹಸ್ಥರು: ವ್ಯಾಪಾರಿಗಳು, ವೈದ್ಯರು, ಬೇಸಾಯಗಾರರು, ಮಕ್ಕಳ ತಾಯಂದಿರು. ಶಾಲೆಗೆ ಬೇಕಾದ ಹಣದಲ್ಲಿ ದೊಡ್ಡದೊಂದು ಪಾಲು ಆ ಊರಿನ ಮನೆಗಂದಾಯದಿಂದಲೇ ಬರುವುದು. ಈ ಬೋರ್ಡಿನವರು ತಮ್ಮ ಶಾಲೆಗಳನ್ನೆಲ್ಲ ನಡೆಸಲು ಒಬ್ಬ ವಿದ್ಯಾಧಿಕಾರಿಯನ್ನು ಕರಾರಿನ ಮೇಲೆ ನೇಮಿಸಿಕೊಳ್ಳುತ್ತಾರೆ. ಅವರಿಗೆ ‘ಸೂಪರಿಂಟೆಂಡೆಂಟ್’ ಎಂದು ಹೆಸರು. ಕೆಲಸ ಮೆಚ್ಚಿಗೆಯಾದರೆ ಕರಾರು ಮುಂದುವರಿಯುವುದು. ಆಗದಿದ್ದರೆ ಗಂಟುಮೂಟೆ ಕಟ್ಟಬೇಕಾಗುವುದು.

ಆ ಕೆಲಸದ ವಿಸ್ತಾರವನ್ನು ನೋಡಿದರೆ ಆಶ್ಚರ್ಯವಾಗುವುದು. ಆಯವ್ಯಯ ಪಟ್ಟಿ, ಉಪಾಧ್ಯಾಯರ ನೇಮಕ, ಅವರ ಸಂಘದೊಡನೆ ಸಂಬಳದ ಮಾತುಕತೆ, ಕಟ್ಟಡಗಳ ಛಾವಣಿ, ಮಕ್ಕಳ ಮಧ್ಯಾಹ್ನದ ಊಟ, ಹಳದಿ ಬಣ್ಣದ ಬಸ್ಸುಗಳ ಓಡಾಟ, ಅಂಗವೈಕಲ್ಯವುಳ್ಳ ಮಕ್ಕಳಿಗೆ ೧೯೭೫ರ ಕಾಯಿದೆಯಂತೆ ಸಲ್ಲಬೇಕಾದ ಶಿಕ್ಷಣ, ನ್ಯಾಯಾಲಯದ ವ್ಯಾಜ್ಯ, ಪತ್ರಿಕೆಯವರ ಪ್ರಶ್ನೆ — ಎಲ್ಲವೂ ಕೊನೆಗೆ ಆ ಒಂದು ಮೇಜಿಗೆ ಬಂದು ಸೇರುತ್ತವೆ. ಚಳಿಗಾಲದಲ್ಲಿ ರಾತ್ರಿಯೆಲ್ಲ ಹಿಮ ಸುರಿದರೆ, ಊರು ಏಳುವುದಕ್ಕೆ ಮುಂಚೆಯೇ ಬಸ್ಸುಗಳು ಓಡಬಲ್ಲುವೇ ಎಂದು ವಿಚಾರಿಸಿ ಶಾಲೆಗೆ ರಜೆ ಸಾರಬೇಕಾದವರೂ ಅವರೇ. ರಜೆ ಕೊಟ್ಟರೆ ಕೆಲಸಕ್ಕೆ ಹೋಗುವ ತಂದೆತಾಯಿಗಳಿಗೆ ಕಷ್ಟ; ಕೊಡದಿದ್ದರೆ ಮಕ್ಕಳಿಗೆ ಅಪಾಯ.

ಪುಸ್ತಕವಿಲ್ಲದ ಕಾಲ

ಇಂಥಾ ಅಧಿಕಾರಿಗಳನ್ನು ನಗರಗಳಲ್ಲಿ ಮೊದಲು ನೇಮಿಸಿದ್ದು ೧೮೩೭ರಲ್ಲಿ, ಬಫಲೋ ಮತ್ತು ಲೂಯಿವಿಲ್ ಪಟ್ಟಣಗಳಲ್ಲಿ. ಆಗ ಆ ಕೆಲಸಕ್ಕೆ ಶಾಸ್ತ್ರವೂ ಇರಲಿಲ್ಲ, ಪದವಿಯೂ ಇರಲಿಲ್ಲ. ಪಾಠ ಹೇಳುತ್ತ ಹೇಳುತ್ತ ಮುಖ್ಯೋಪಾಧ್ಯಾಯರಾಗಿ, ಅಲ್ಲಿಂದ ಮೇಲೇರಿದವರೇ ಹೆಚ್ಚು. ಅವರಲ್ಲಿ ಕೆಲವರು ಮಹಾವಿದ್ವಾಂಸರು. ಸೇಂಟ್ ಲೂಯಿಸ್ ನಗರದಲ್ಲಿ ೧೮೬೮ರಿಂದ ೧೮೮೦ರ ವರೆಗೆ ವಿದ್ಯಾಧಿಕಾರಿಯಾಗಿದ್ದ ವಿಲಿಯಂ ಟಾರಿ ಹ್ಯಾರಿಸ್ ಎಂಬವರು ಜರ್ಮನಿಯ ಹೆಗೆಲನ ತತ್ತ್ವಶಾಸ್ತ್ರದಲ್ಲಿ ಪಾರಂಗತರು. ತತ್ತ್ವವಿಚಾರಕ್ಕೆಂದೇ ಒಂದು ಪತ್ರಿಕೆಯನ್ನು ನಡೆಸಿದವರು. ಅವರ ಕಾಲದಲ್ಲಿಯೇ, ೧೮೭೩ರಲ್ಲಿ, ಸೂಸನ್ ಬ್ಲೋ ಎಂಬ ಮಹಿಳೆಯು ಆ ನಗರದ ಸಾರ್ವಜನಿಕ ಶಾಲೆಯಲ್ಲಿ ಶಿಶುವಿಹಾರವನ್ನು ಆರಂಭಿಸಿದಳು. ತತ್ತ್ವಜ್ಞಾನಿಯೊಬ್ಬನು ಶಾಲೆಗಳ ಯಜಮಾನನಾದರೆ ಮೂರು ನಾಲ್ಕು ವರ್ಷದ ಕೂಸುಗಳಿಗೂ ಪ್ರಯೋಜನವಾಗಬಹುದೆಂಬುದಕ್ಕೆ ಇದು ನಿದರ್ಶನ.

ಇನ್ನೊಂದು ನಿದರ್ಶನವನ್ನು ನಮ್ಮ ವಾಚಕಿಯರು ವಿಶೇಷವಾಗಿ ಗಮನಿಸತಕ್ಕದ್ದು. ಎಲಾ ಫ್ಲ್ಯಾಗ್ ಯಂಗ್ ಎಂಬಾಕೆ ೧೮೬೨ರಲ್ಲಿ, ತಮ್ಮ ಹದಿನೇಳನೆಯ ವಯಸ್ಸಿನಲ್ಲಿ, ಷಿಕಾಗೋ ನಗರದ ಶಾಲೆಯಲ್ಲಿ ಉಪಾಧ್ಯಾಯಿನಿಯಾದರು. ಮೂವತ್ತೇಳು ವರ್ಷ ಸೇವೆ ಸಲ್ಲಿಸಿ, ಅಧಿಕಾರಪದವಿಯನ್ನೂ ಅನುಭವಿಸಿ, ಅದನ್ನು ಬಿಟ್ಟುಕೊಟ್ಟು, ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ತಮಗಿಂತ ಹದಿನಾಲ್ಕು ವರ್ಷ ಕಿರಿಯರಾದ ಜಾನ್ ಡ್ಯೂಯಿಯವರ ಬಳಿ ಶಿಷ್ಯರಾಗಿ ಕುಳಿತು ೧೯೦೦ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಆಕೆಯಿಂದ ತಾವೇ ಬಹಳ ಕಲಿತುದಾಗಿ ಡ್ಯೂಯಿಯವರು ಹೇಳಿದ್ದಾರೆ. ಆಕೆಯ ಪ್ರಬಂಧದ ವಿಷಯವೇನು? ಶಾಲೆಯಲ್ಲಿ ಒಬ್ಬರಿಗೊಬ್ಬರು ಬೇರ್ಪಟ್ಟಿರುವುದರ ಅನರ್ಥ. ಯೋಜನೆ ಮಾಡುವವರು ಒಂದು ಕಡೆ, ಪಾಠ ಹೇಳುವವರು ಇನ್ನೊಂದು ಕಡೆ ಇದ್ದು, ಮೇಲಿನವರ ಅಪ್ಪಣೆಯನ್ನು ಕೆಳಗಿನವರು ಯಂತ್ರದಂತೆ ನಡೆಸುತ್ತಿದ್ದರೆ ವಿದ್ಯೆಯು ಬೆಳೆಯುವುದಿಲ್ಲವೆಂಬುದೇ ಅದರ ತಿರುಳು. ೧೯೦೯ರಲ್ಲಿ ಆಕೆಯೇ ಷಿಕಾಗೋ ನಗರದ ವಿದ್ಯಾಧಿಕಾರಿಣಿಯಾದರು. ಆಗ ಆಕೆಗೆ ೬೪ ವರ್ಷ. ನಮ್ಮಲ್ಲಾದರೆ ಪಿಂಚಣಿ ತೆಗೆದುಕೊಂಡು ನಾಲ್ಕು ವರ್ಷ ಕಳೆಯುವ ವಯಸ್ಸು. ಅಷ್ಟು ದೊಡ್ಡ ನಗರದ ಶಾಲೆಗಳಿಗೆ ಸ್ತ್ರೀಯೊಬ್ಬರು ಮುಖ್ಯಸ್ಥರಾದುದು ಆ ದೇಶದಲ್ಲಿ ಅದೇ ಮೊದಲು. ಇಂದಿಗೂ ಅಲ್ಲಿ ಉಪಾಧ್ಯಾಯರ ಪೈಕಿ ನಾಲ್ಕರಲ್ಲಿ ಮೂರು ಪಾಲು ಸ್ತ್ರೀಯರು. ವಿದ್ಯಾಧಿಕಾರಿಗಳ ಪೈಕಿ ಮಾತ್ರ ಸ್ತ್ರೀಯರು ನಾಲ್ಕರಲ್ಲಿ ಒಂದು ಪಾಲಿನಷ್ಟೇ.

ಗ್ರೀಕ್ ಪಾಠದ ಬೆಲೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಕೆಲಸವು ಒಂದು ಶಾಸ್ತ್ರವಾಗಿ ರೂಪುಗೊಳ್ಳತೊಡಗಿತು. ಸ್ಯಾನ್ ಡಿಯಾಗೋ ನಗರದಲ್ಲಿ ಎರಡು ವರ್ಷ ವಿದ್ಯಾಧಿಕಾರಿಯಾಗಿದ್ದು ೧೮೯೮ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ಬಂದ ಎಲ್ವುಡ್ ಕಬರ್ಲಿಯವರೂ, ನ್ಯೂಯಾರ್ಕಿನ ಟೀಚರ್ಸ್ ಕಾಲೇಜಿನ ಪಂಡಿತರೂ ಇದರ ಮೂಲಪುರುಷರು. ೧೯೨೦ರಲ್ಲಿ ಹಾರ್ವರ್ಡಿನಲ್ಲಿ ವಿದ್ಯಾಭ್ಯಾಸಶಾಸ್ತ್ರಕ್ಕೆಂದೇ ಸ್ನಾತಕೋತ್ತರ ಶಾಲೆ ಏರ್ಪಟ್ಟು, ‘ಡಾಕ್ಟರ್ ಆಫ್ ಎಜುಕೇಷನ್’ ಎಂಬ ಪದವಿಯೂ ಬಳಕೆಗೆ ಬಂತು.

ಆದರೆ ಆ ಕಾಲವು ಕಾರ್ಖಾನೆಗಳ ಕಾಲ. ಕಡಮೆ ಖರ್ಚಿನಲ್ಲಿ ಹೆಚ್ಚು ಕೆಲಸ ತೆಗೆಯುವ ಉಪಾಯವನ್ನು ಫ್ರೆಡರಿಕ್ ಟೇಲರ್ ಎಂಬ ಇಂಜಿನಿಯರು ೧೯೧೧ರಲ್ಲಿ ಪುಸ್ತಕವಾಗಿ ಬರೆದಿದ್ದನು. ಬೋರ್ಡುಗಳಲ್ಲಿ ಕುಳಿತಿದ್ದ ವ್ಯಾಪಾರಿಗಳು ಶಾಲೆಗೂ ಅದೇ ಲೆಕ್ಕವನ್ನು ಕೇಳತೊಡಗಿದರು. ಕಬರ್ಲಿಯವರು ೧೯೧೬ರ ತಮ್ಮ ಗ್ರಂಥದಲ್ಲಿ ಶಾಲೆಯನ್ನು ಕಾರ್ಖಾನೆಗೂ ಮಕ್ಕಳನ್ನು ಅಲ್ಲಿಗೆ ಬರುವ ಕಚ್ಚಾ ಸಾಮಗ್ರಿಗೂ ಹೋಲಿಸಿದರು. ನ್ಯೂಟನ್ ಎಂಬ ಊರಿನ ವಿದ್ಯಾಧಿಕಾರಿಯಾಗಿದ್ದ ಫ್ರಾಂಕ್ ಸ್ಪಾಲ್ಡಿಂಗರು ೧೯೧೩ರಲ್ಲಿ ಒಂದು ಲೆಕ್ಕವನ್ನು ಮುಂದಿಟ್ಟರು. ಒಂದು ಡಾಲರಿಗೆ ಫ್ರೆಂಚ್ ಭಾಷೆಯಲ್ಲಾದರೆ ವಿದ್ಯಾರ್ಥಿಗಳ ೨೩.೮ ಪಾಠಗಳು ದೊರೆಯುತ್ತವೆ. ಗ್ರೀಕ್ ಭಾಷೆಯಲ್ಲಾದರೆ ೫.೯ ಮಾತ್ರ. ಗ್ರೀಕ್ ಪಾಠದ ನಿಜವಾದ ಯೋಗ್ಯತೆ ಎಷ್ಟೆಂಬುದನ್ನು ತಾವು ಅರಿಯೆವೆಂದು ಅವರು ಒಪ್ಪಿಕೊಂಡರು; ಆದರೂ ಆ ದರದಲ್ಲಿ ಗ್ರೀಕನ್ನು ಮುಂದೆ ಕೊಳ್ಳಲಾಗದೆಂದು ತೀರ್ಮಾನಿಸಿದರು.

ಸಂಸ್ಕೃತವನ್ನು ಓದಿ, ಅದನ್ನೇ ಮೂವತ್ತು ವರ್ಷಗಳಿಗೂ ಮೀರಿ ಹೇಳಿಕೊಟ್ಟ ನಮ್ಮಂಥವರು ಈ ಲೆಕ್ಕವನ್ನು ಓದುವಾಗ ಎದೆ ಒಮ್ಮೆ ಝಲ್ಲೆನ್ನದಿರದು. ಗ್ರೀಕ್ ತರಗತಿಯಲ್ಲಿ ಹುಡುಗರು ಕಡಮೆ. ಉಪಾಧ್ಯಾಯನ ಸಂಬಳವನ್ನು ಅಷ್ಟೇ ತಲೆಗಳಿಗೆ ಹಂಚಿದರೆ ದರ ಏರುವುದು ಸಹಜ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಏಳೆಂಟು ಮಕ್ಕಳಿಗಾಗಿ ಒಬ್ಬ ಪಂಡಿತನೇಕೆ ಎಂಬ ಮಾತು ನಮ್ಮ ಊರುಗಳಲ್ಲೂ ಕೇಳಿಬಂದದ್ದೇ. ಹೀಗೆ ನಿಂತುಹೋದ ಪಾಠವನ್ನು ಮತ್ತೆ ಹುಟ್ಟಿಸುವುದು ಸುಲಭವಲ್ಲ. ಏಕೆಂದರೆ ಹತ್ತು ವರ್ಷ ಕಲಿಯುವವರಿಲ್ಲದಿದ್ದರೆ ಹನ್ನೊಂದನೆಯ ವರ್ಷ ಕಲಿಸುವವರೇ ಇರುವುದಿಲ್ಲ.

ಆದರೂ ಸ್ಪಾಲ್ಡಿಂಗರನ್ನು ನಿಂದಿಸಿ ಸುಮ್ಮನಾಗುವುದು ನ್ಯಾಯವಲ್ಲ. ಊರವರು ಕೊಡುವ ಕಂದಾಯವು ಒಂದು ಮಿತಿಯಲ್ಲಿದೆ. ಗ್ರೀಕಿಗೆ ಹಾಕಿದ ಹಣವನ್ನು ಇನ್ನೊಂದು ತರಗತಿಯಿಂದ ತೆಗೆಯಲೇಬೇಕು. ರೇಮಂಡ್ ಕ್ಯಾಲಹನ್ ಎಂಬ ಇತಿಹಾಸಕಾರರು ೧೯೬೨ರಲ್ಲಿ ಈ ಯುಗವನ್ನು ಕುರಿತು ಬರೆದ ಗ್ರಂಥದಲ್ಲಿ ಇದರ ಮೂಲವನ್ನು ತೋರಿಸಿದ್ದಾರೆ. ವಿದ್ಯಾಧಿಕಾರಿಗಳ ಜೀವನೋಪಾಯವು ಬೋರ್ಡಿನವರ ಕೃಪೆಯ ಮೇಲೆ ತೂಗುತ್ತಿದ್ದುದರಿಂದ, ಆಳುವವರ ಭಾಷೆಯಲ್ಲೇ ಅವರು ಮಾತನಾಡಬೇಕಾಯಿತು. ವಿಶ್ವವಿದ್ಯಾನಿಲಯಗಳೂ ಅದನ್ನೇ ಕಲಿಸಿದುವು. ಲೆಕ್ಕವನ್ನು ಕಲಿಸಿದುದು ದೋಷವಲ್ಲ. ಲೆಕ್ಕಕ್ಕೆ ಸಿಕ್ಕದ ವಸ್ತುವೂ ಉಂಟೆಂದು ಎದುರು ನಿಂತು ಹೇಳುವ ಶಕ್ತಿಯನ್ನು ಕಲಿಸದೆ ಹೋದುದೇ ದೋಷ.

ಇಂದಿನ ಅಭ್ಯಾಸಕ್ರಮ

ಈಗಿನ ಕ್ರಮವು ರಾಜ್ಯದಿಂದ ರಾಜ್ಯಕ್ಕೆ ಭಿನ್ನವಾಗಿದೆ. ಸಾಮಾನ್ಯವಾಗಿ ಅಭ್ಯರ್ಥಿಯು ಕೆಲವು ವರ್ಷ ತರಗತಿಯಲ್ಲಿ ಪಾಠ ಹೇಳಿರಬೇಕು; ಬಳಿಕ ಶಾಲಾನಾಯಕತ್ವದಲ್ಲಿ ಮಾಸ್ಟರ್ ಪದವಿ ಪಡೆದು ಮುಖ್ಯೋಪಾಧ್ಯಾಯರಾಗುವುದು; ಅದರ ಮೇಲೆ ಮಂಡಲದ ನಾಯಕತ್ವಕ್ಕೆ ಬೇಕಾದ ಉನ್ನತ ಅಭ್ಯಾಸ. ನ್ಯೂಯಾರ್ಕ್ ರಾಜ್ಯದಲ್ಲಿ ಈ ಅರ್ಹತಾಪತ್ರಕ್ಕೆ ಮೂರು ವರ್ಷದ ಶಾಲಾಸೇವೆ, ಸ್ನಾತಕೋತ್ತರ ಮಟ್ಟದ ೬೦ ಕ್ರೆಡಿಟ್‌ಗಳಷ್ಟು ವ್ಯಾಸಂಗ, ಅನುಭವಿ ಅಧಿಕಾರಿಯ ಕೈಕೆಳಗೆ ಅಭ್ಯಾಸ, ಕೊನೆಗೆ ರಾಜ್ಯದ ಪರೀಕ್ಷೆ — ಇಷ್ಟೂ ಬೇಕು. ವಿದ್ಯಾರ್ಥಿಗಳೆಲ್ಲ ಉದ್ಯೋಗದಲ್ಲಿರುವವರಾದ್ದರಿಂದ ತರಗತಿಗಳು ಸಾಯಂಕಾಲವೋ ಶನಿವಾರವೋ ಬೇಸಗೆಯ ರಜೆಯಲ್ಲೋ ನಡೆಯುತ್ತವೆ. ಹಗಲೆಲ್ಲ ಶಾಲೆ, ಸಂಜೆ ಪಾಠ, ರಾತ್ರಿ ಮಕ್ಕಳು ಮಲಗಿದ ಮೇಲೆ ಪ್ರಬಂಧದ ಬರವಣಿಗೆ. ಮನೆಯವರ ಸಹನೆಯಿಲ್ಲದೆ ಈ ಪದವಿ ಯಾರಿಗೂ ದಕ್ಕುವುದಿಲ್ಲ.

ಓದುವ ವಿಷಯಗಳು ಹಲವು: ಶಾಲೆಗೆ ಸಂಬಂಧಿಸಿದ ಕಾನೂನು, ಹಣಕಾಸು, ಪಾಠಗಳ ಪರಿವೀಕ್ಷಣೆ, ಉಪಾಧ್ಯಾಯರ ನೇಮಕ ಮತ್ತು ಬೆಳವಣಿಗೆ, ಅಂಕಿಸಂಖ್ಯೆಗಳನ್ನು ಓದುವ ಕ್ರಮ, ಬೋರ್ಡಿನೊಡನೆಯೂ ಊರವರೊಡನೆಯೂ ನಡೆದುಕೊಳ್ಳುವ ರೀತಿ. ಕಾನೂನಿನ ಪಾಠವು ಒಣ ವಿಷಯವೆಂದು ಯಾರೂ ತಿಳಿಯಬಾರದು. ಕಪ್ಪು ಮಕ್ಕಳನ್ನು ಬಿಳಿಯರ ಶಾಲೆಗಳಿಂದ ಬೇರೆಯಿಡುವುದು ರಾಜ್ಯಾಂಗಕ್ಕೆ ವಿರುದ್ಧವೆಂದು ೧೯೫೪ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಾಗ, ಅದನ್ನು ಊರೂರಿನಲ್ಲಿ ನಡೆಸುವ ಹೊಣೆ, ಕೆಲವೆಡೆ ತಡೆಯುವ ಪಾಪವೂ, ಈ ಅಧಿಕಾರಿಗಳ ಪಾಲಿಗೇ ಬಂತು.

ಆಕ್ಷೇಪವೂ ಪರಿಷ್ಕಾರವೂ

ಹೀಗಿರಲಾಗಿ ೨೦೦೫ರಲ್ಲಿ ಒಂದು ದೊಡ್ಡ ಆಕ್ಷೇಪವು ಹೊರಬಿತ್ತು. ಆಕ್ಷೇಪಿಸಿದವರು ಹೊರಗಿನವರಲ್ಲ, ಟೀಚರ್ಸ್ ಕಾಲೇಜಿನ ಅಧ್ಯಕ್ಷರೇ ಆಗಿದ್ದ ಆರ್ಥರ್ ಲೆವಿನ್. ಇಂಥಾ ಅಭ್ಯಾಸಕ್ರಮಗಳಲ್ಲಿ ಬಹುಪಾಲು ಸತ್ತ್ವಹೀನವಾಗಿವೆಯೆಂದು ಅವರು ಬರೆದರು. ಪದವಿ ಹೆಚ್ಚಿದಂತೆ ಸಂಬಳ ಹೆಚ್ಚುವ ನಿಯಮವಿದ್ದುದರಿಂದ ಉಪಾಧ್ಯಾಯರು ನಾಯಕರಾಗಬೇಕೆಂಬ ಆಸೆಯಿಲ್ಲದಿದ್ದರೂ ಬಂದು ಸೇರುತ್ತಿದ್ದರು. ವಿಶ್ವವಿದ್ಯಾನಿಲಯಗಳು ಶುಲ್ಕದ ಆಸೆಯಿಂದ ಸೇರಿಸಿಕೊಳ್ಳುತ್ತಿದ್ದುವು. ಪ್ರಬಂಧಗಳು ಶಾಲೆಗೆ ಉಪಯೋಗವಿಲ್ಲದೆ ಕಪಾಟು ಸೇರುತ್ತಿದ್ದುವು. ಈ ಅಧಿಕಾರಿಗಳಿಗೆ ಡಾಕ್ಟರ್ ಪದವಿಯನ್ನೇ ತೆಗೆದುಹಾಕಿ, ಎರಡು ವರ್ಷದ ಗಟ್ಟಿಯಾದ ಮಾಸ್ಟರ್ ಪದವಿಯನ್ನಿಡಬೇಕೆಂದು ಅವರ ಸಲಹೆ.

ಹಾಗಾದರೆ ಈ ಓದೇ ಬೇಡವೆ? ಅದನ್ನೂ ಅಮೆರಿಕದವರು ಪರೀಕ್ಷಿಸಿ ನೋಡಿದ್ದಾರೆ. ೧೯೯೫ರಲ್ಲಿ ಸಿಯಾಟಲ್ ನಗರವು ಜಾನ್ ಸ್ಟ್ಯಾನ್‌ಫರ್ಡ್ ಎಂಬ ನಿವೃತ್ತ ಸೇನಾಧಿಪತಿಯನ್ನು ವಿದ್ಯಾಧಿಕಾರಿಯಾಗಿ ನೇಮಿಸಿತು. ಅವರು ಊರಿನ ಪ್ರೀತಿಯನ್ನು ಸಂಪಾದಿಸಿ, ೧೯೯೮ರಲ್ಲಿ ತೀರಿಕೊಂಡಾಗ ನಗರವೆಲ್ಲ ದುಃಖಿಸಿತು. ಅಲ್ಲಿನ ಶಾಲೆಯೊಂದು ಅವರ ಹೆಸರನ್ನು ಹೊತ್ತಿದೆ. ನ್ಯೂಯಾರ್ಕ್ ನಗರವು ೨೦೧೧ರಲ್ಲಿ ಪತ್ರಿಕಾಪ್ರಕಾಶನದಲ್ಲಿ ಹೆಸರಾಗಿದ್ದ ಕ್ಯಾಥಿ ಬ್ಲ್ಯಾಕ್ ಎಂಬಾಕೆಯನ್ನು, ನಿಯಮದಿಂದ ವಿನಾಯಿತಿ ಪಡೆದು, ತನ್ನ ಶಾಲೆಗಳ ಮುಖ್ಯಸ್ಥೆಯಾಗಿ ಕೂರಿಸಿತು. ಮೂರು ತಿಂಗಳು ಕಳೆಯುವಷ್ಟರಲ್ಲಿ ಆಕೆ ಆ ಪದವಿಯನ್ನು ಬಿಡಬೇಕಾಯಿತು. ಇದರಿಂದ ತಿಳಿಯುವುದೇನೆಂದರೆ, ಹೊರಗಿನವನು ಅಪರೂಪಕ್ಕೆ ಗೆಲ್ಲಬಹುದು. ಅಪರೂಪವನ್ನು ನಂಬಿ ಹದಿಮೂರು ಸಾವಿರ ಮಂಡಲಗಳನ್ನು ನಡೆಸಲಾಗದು.

ಆದುದರಿಂದ ಓದನ್ನು ಬಿಡುವುದಕ್ಕೆ ಬದಲಾಗಿ ತಿದ್ದುವುದಕ್ಕೆ ತೊಡಗಿದರು. ೨೦೦೭ರಲ್ಲಿ ಕಾರ್ನೆಗೀ ಹೆಸರಿನ ಯೋಜನೆಯೊಂದರಲ್ಲಿ ಇಪ್ಪತ್ತೈದರಷ್ಟು ವಿಶ್ವವಿದ್ಯಾನಿಲಯಗಳು ಸೇರಿದುವು. ಈಗ ಅದರ ಸದಸ್ಯಸಂಸ್ಥೆಗಳು ನೂರನ್ನು ದಾಟಿವೆ. ಅದರ ತತ್ತ್ವವು ಸರಳವಾದದ್ದು. ಅಭ್ಯರ್ಥಿಯು ತನ್ನ ಶಾಲೆಯಲ್ಲಿಯೇ ಕಣ್ಣಿಗೆ ಕಾಣುವ ಒಂದು ತೊಡಕನ್ನು ಎತ್ತಿಕೊಳ್ಳಬೇಕು — ಮಕ್ಕಳು ಗಣಿತದಲ್ಲಿ ಎಲ್ಲಿ ಎಡವುತ್ತಾರೆ, ಹೊಸ ಉಪಾಧ್ಯಾಯರು ಎರಡೇ ವರ್ಷಕ್ಕೆ ಏಕೆ ಬಿಟ್ಟುಹೋಗುತ್ತಾರೆ ಎಂಬಂಥಾದ್ದು. ಅದರ ಕಾರಣವನ್ನು ಹುಡುಕಿ, ಉಪಾಯ ನಡೆಸಿ, ಫಲವನ್ನು ನೋಡಿ ಬರೆದುದೇ ಪ್ರಬಂಧ. ಹಾರ್ವರ್ಡಿನಲ್ಲಿ ೨೦೧೦ರಲ್ಲಿ ಮೊದಲಾದ ಮೂರು ವರ್ಷದ ಹೊಸ ಪದವಿಯಲ್ಲಿ ಕೊನೆಯ ವರ್ಷವನ್ನು ವಿದ್ಯಾಲಯದ ಹೊರಗೆ, ಕೆಲಸ ನಡೆಯುವ ಸ್ಥಳದಲ್ಲಿಯೇ ಕಳೆಯಬೇಕೆಂದು ವಿಧಿಸಿದರು.

ವಿದ್ಯೆಯ ನಾಲ್ಕು ಕಾಲಗಳು

ಈ ನೂರು ವರ್ಷದ ಕಥೆಯನ್ನು ಓದುವಾಗ ನಮಗೆ ಪತಂಜಲಿಯ ಮಹಾಭಾಷ್ಯದಲ್ಲಿ ಬರುವ ಒಂದು ವಿಚಾರವು ಸ್ಮರಣೆಗೆ ಬರುತ್ತದೆ. ವಿದ್ಯೆಯು ಸಾರ್ಥಕವಾಗಲು ನಾಲ್ಕು ಕಾಲಗಳುಂಟೆಂದು ಆ ಮಹರ್ಷಿಯು ಹೇಳುತ್ತಾನೆ: ಗುರುವಿನಿಂದ ಪಡೆಯುವ ಆಗಮಕಾಲ, ತಾನೇ ಓದಿಕೊಳ್ಳುವ ಸ್ವಾಧ್ಯಾಯಕಾಲ, ಇತರರಿಗೆ ಹೇಳಿಕೊಡುವ ಪ್ರವಚನಕಾಲ, ಬಳಕೆಗೆ ತರುವ ವ್ಯವಹಾರಕಾಲ. ಪುಸ್ತಕವಿಲ್ಲದ ಕಾಲದ ಅಮೆರಿಕದ ಅಧಿಕಾರಿಗಳಿಗೆ ಪ್ರವಚನವೂ ವ್ಯವಹಾರವೂ ಇದ್ದುವು, ಆಗಮವಿರಲಿಲ್ಲ. ಲೆವಿನ್ನರು ಖಂಡಿಸಿದ ಪದವಿಗಳಲ್ಲಿ ಆಗಮವಿತ್ತು, ವ್ಯವಹಾರವಿರಲಿಲ್ಲ. ಹೊರಗಿನಿಂದ ಬಂದವರಿಗೆ ವ್ಯವಹಾರವೇ ಬಲ, ಪ್ರವಚನದ ಅನುಭವವಿಲ್ಲ. ನಾಲ್ಕನ್ನೂ ಒಬ್ಬರಲ್ಲಿ ಕೂಡಿಸುವ ಪ್ರಯತ್ನವೇ ಈಚಿನ ಪರಿಷ್ಕಾರ. ಈ ನಾಲ್ಕರಲ್ಲಿ ಅಧಿಕಾರಕ್ಕೇರಿದವರು ಮೊದಲು ಮರೆಯುವುದು ಪ್ರವಚನವನ್ನೇ.

ನಮ್ಮ ಸೇವಾಕಾಲದಲ್ಲಿ ತಪಾಸಣೆಗೆ ಬಂದ ಅಧಿಕಾರಿಗಳಲ್ಲಿ ಎರಡು ಬಗೆಯವರನ್ನು ಕಂಡಿದ್ದೇವೆ. ಒಬ್ಬರು ಬಂದರೆ ಹಾಜರಿ ಪುಸ್ತಕ, ದಾಸ್ತಾನು ಪುಸ್ತಕ, ಬೆಂಚುಗಳ ಎಣಿಕೆ. ಎರಡು ಗಂಟೆಯಲ್ಲಿ ಷರಾ ಬರೆದು ಹೊರಟುಬಿಡುವರು. ಇನ್ನೊಬ್ಬರು ಹಿಂದಿನ ಬೆಂಚಿನಲ್ಲಿ ಹುಡುಗರ ನಡುವೆ ಕುಳಿತು ಪಾಠವನ್ನು ಪೂರ್ತಿಯಾಗಿ ಕೇಳಿ, ಕೊನೆಗೆ ಒಬ್ಬ ಹುಡುಗನನ್ನು ತೋರಿಸಿ, “ಮೇಷ್ಟ್ರೇ, ಈ ಮಗುವಿಗೆ ಬೋರ್ಡು ಕಾಣಿಸುತ್ತಿಲ್ಲ; ಪಕ್ಕದವನದನ್ನು ನೋಡಿ ಬರೆಯುತ್ತಿದ್ದಾನೆ” ಎಂದರು. ಆ ಹುಡುಗನಿಗೆ ಕನ್ನಡಕ ಬಂತು. ಮೊದಲನೆಯವರ ಷರಾ ಕಡತದಲ್ಲಿ ಉಳಿದಿರಬಹುದು.

ನಮ್ಮಲ್ಲಿ ಕ್ಷೇತ್ರಶಿಕ್ಷಣಾಧಿಕಾರಿಗಳನ್ನೂ ಉಪನಿರ್ದೇಶಕರನ್ನೂ ನೇಮಿಸುವುದು ಸರ್ಕಾರ; ಊರವರಲ್ಲ. ಇಂಥವರ ಶಿಕ್ಷಣಕ್ಕಾಗಿ ದೆಹಲಿಯಲ್ಲಿ ಶೈಕ್ಷಣಿಕ ಯೋಜನೆ ಮತ್ತು ಆಡಳಿತದ ರಾಷ್ಟ್ರೀಯ ಸಂಸ್ಥೆಯಿದೆ. ಅದರ ಅಂಗವಾಗಿ ಶಾಲಾನಾಯಕತ್ವಕ್ಕೆಂದೇ ೨೦೧೨ರಲ್ಲಿ ಒಂದು ಕೇಂದ್ರವೂ ಏರ್ಪಟ್ಟಿದೆ. ಆದರೆ ಸಂಸ್ಥೆಯಿದ್ದ ಮಾತ್ರಕ್ಕೆ ಸಾಲದು. ಕಲಿಯಲು ಬಿಡುವು, ಕಲಿತುದನ್ನು ನಡೆಸಲು ಒಂದೇ ಸ್ಥಳದಲ್ಲಿ ನಾಲ್ಕು ವರ್ಷದ ನೆಲೆ, ಇವೆರಡೂ ಬೇಕು.

ಗೃಹಸ್ಥರು ಮಾಡಬಹುದಾದುದು ಇಲ್ಲವೆಂದಲ್ಲ. ಅಮೆರಿಕದಲ್ಲಿ ನೆಲೆಸಿರುವ ನಮ್ಮವರು ಮಗುವಿನ ಅಂಕಗಳನ್ನು ಎಷ್ಟು ಶ್ರದ್ಧೆಯಿಂದ ನೋಡುತ್ತಾರೋ ಅಷ್ಟೇ ಶ್ರದ್ಧೆಯಿಂದ ಬೋರ್ಡಿನ ಸಭೆಗಳಿಗೆ ಹೋಗತಕ್ಕದ್ದು. ಆ ಸಭೆಗಳು ಸಾರ್ವಜನಿಕರಿಗೆ ತೆರೆದಿರುತ್ತವೆ. ಪೌರತ್ವ ಪಡೆದವರು ಬೋರ್ಡಿನ ಚುನಾವಣೆಯಲ್ಲಿ ಮತ ಕೊಡುವುದನ್ನು ಮರೆಯಬಾರದು. ಇಲ್ಲಿರುವವರು ತಮ್ಮ ಊರಿನ ಸರ್ಕಾರಿ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ತಂದೆತಾಯಿಗಳಿಗೆ ಸ್ಥಾನವಿದೆಯೆಂಬುದನ್ನು ನೆನಪಿನಲ್ಲಿಡಬೇಕು. ಅಧಿಕಾರಿಗಳು ಶಾಲೆಗೆ ಬಂದಾಗ ಹಾರ ಹಾಕಿ, ಕಾಫಿ ಕೊಟ್ಟು ಕಳುಹಿಸುವುದಕ್ಕೆ ಮುಂಚೆ, “ಸ್ವಾಮೀ, ದಯಮಾಡಿ ಒಂದು ಪಾಠವನ್ನು ಕುಳಿತು ಕೇಳೋಣವಾಗಲಿ” ಎಂದು ವಿನಯದಿಂದ ಪ್ರಾರ್ಥಿಸಲಿ. ಉತ್ತಮ ಅಧಿಕಾರಿಗೆ ಅದಕ್ಕಿಂತ ಹೆಚ್ಚಿನ ಮರ್ಯಾದೆ ಇಲ್ಲ. ಉಳಿದವರಿಗೆ ಅದಕ್ಕಿಂತ ಒಳ್ಳೆಯ ಪಾಠವೂ ಇಲ್ಲ.